ಗೋದಲಿಗೆ ಭತ್ತ ಬಿತ್ತುವವರು ಮರವನ್ನೇಕೆ ಕೊಳ್ಳಬೇಕು?

ಡಿಸೆಂಬರ್ ಬಂತೆಂದರೆ ಕರಾವಳಿಯ ಅನೇಕ ಕ್ರೈಸ್ತರ ಮನೆಗಳಲ್ಲಿ ಒಂದು ಪುಟ್ಟ ಬೇಸಾಯ ಶುರುವಾಗುತ್ತದೆ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಇರುವಾಗ ಹಳೆಯ ತಟ್ಟೆಯಲ್ಲೋ ಗೆರಟೆಯಲ್ಲೋ ಮಣ್ಣು ಹರಡಿ ಭತ್ತ, ರಾಗಿ ಬಿತ್ತುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಅದು ಬೆರಳುದ್ದ ಬೆಳೆದು ಗೋದಲಿಯ ಗದ್ದೆಯಾಗುತ್ತದೆ. ಈ ಹಸಿರನ್ನು ಅಂಗಡಿಯಿಂದ ತಂದವರನ್ನು ನಾನು ನೋಡಿಲ್ಲ. ಆದರೆ ಅದೇ ಗೋದಲಿಯ ಪಕ್ಕದ ಮರ ಮಾತ್ರ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಿಂದ ಇಳಿಯುತ್ತದೆ, ತಂತಿಯ ಕೊಂಬೆ, ಪ್ಲಾಸ್ಟಿಕ್ ಎಲೆ. ಮರವನ್ನೂ ಮನೆಯಲ್ಲೇ ಬೆಳೆಸಿದರೇನು ಎಂಬುದು ನನ್ನ ಪ್ರಶ್ನೆ.

ಕ್ರಿಸ್‌ಮಸ್ ಮರ ಜರ್ಮನಿಯ ಸಂಪ್ರದಾಯ. ರಾಣಿ ವಿಕ್ಟೋರಿಯಾಳ ಕುಟುಂಬ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಅದು ಇಂಗ್ಲಿಷರ ಮನೆಮನೆಗೂ ಹೋಯಿತು. ಅವರಿಗೆ ಫರ್, ಸ್ಪ್ರೂಸ್ ಕೈಗೆಟಕುವ ಮರಗಳು. ನಮ್ಮ ಸೆಕೆಗೆ ಅವು ಬದುಕುವುದಿಲ್ಲ. ಹಾಗಾಗಿ ನಮ್ಮ ಹಿರಿಯರು ಗಾಳಿಮರದ ಒಂದು ಕೊಂಬೆ ಕಡಿದು ತಂದು, ಮರಳು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿ, ಹತ್ತಿ ಅಂಟಿಸಿ ಹಿಮ ಎನ್ನುತ್ತಿದ್ದರು. ಅದರಲ್ಲಿ ಜಾಣತನವಿತ್ತು. ಆದರೆ ಕಡಲ ತೀರದ ಗಾಳಿಮರಗಳನ್ನು ನೆಟ್ಟಿರುವುದು ಗಾಳಿ ತಡೆಯಲು, ಮರಳು ಹಾರದಂತೆ ಹಿಡಿಯಲು. ಊರಿನವರೆಲ್ಲ ಒಂದೊಂದು ಕೊಂಬೆ ಕಡಿಯಲು ಹೊರಟರೆ ನಷ್ಟ ಊರಿಗೇ.

ಈಗ ನರ್ಸರಿಗಳಲ್ಲಿ ‘ಕ್ರಿಸ್‌ಮಸ್ ಟ್ರೀ’ ಎಂದು ಮಾರುವುದು ಹೆಚ್ಚಾಗಿ ಅರೌಕೇರಿಯಾ. ಇದು ಪೈನ್ ಅಲ್ಲ. ಶಾಂತಸಾಗರದ ನಾರ್ಫೋಕ್ ದ್ವೀಪ, ನ್ಯೂ ಕ್ಯಾಲೆಡೋನಿಯಾಗಳ ಮರ. 1774ರಲ್ಲಿ ಅಲ್ಲಿಗೆ ಹೋದ ಕ್ಯಾಪ್ಟನ್ ಕುಕ್ ಇದರ ನೇರ ಕಾಂಡ ನೋಡಿ ಹಡಗಿನ ಪಟಸ್ತಂಭಕ್ಕೆ ಆಗಬಹುದೆಂದು ಆಸೆಪಟ್ಟಿದ್ದ. ಉಷ್ಣ ಪ್ರದೇಶದ್ದಾದ್ದರಿಂದ ನಮ್ಮಲ್ಲೂ ಚೆನ್ನಾಗಿ ಬೆಳೆಯುತ್ತದೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಮುಗಿಲೆತ್ತರದ ಹಳೆಯ ಅರೌಕೇರಿಯಾಗಳಿವೆ. (ಕುಕ್ ಹೆಸರು ಹೊತ್ತ ಅರೌಕೇರಿಯಾ ಭೂಮಧ್ಯರೇಖೆಯ ಕಡೆಗೇ ವಾಲುತ್ತದೆಂದು 2017ರಲ್ಲಿ ವಿಜ್ಞಾನಿಗಳು ಅಳೆದು ತೋರಿಸಿದರು. ನಮ್ಮಲ್ಲಿ ಎಂದರೆ ದಕ್ಷಿಣಕ್ಕೆ. ಮುಂದಿನ ಸಲ ನೋಡಿದಾಗ ಗಮನಿಸಿ.)

ಆದರೆ ಡಿಸೆಂಬರ್ 20ಕ್ಕೆ ಒಂದು ಕುಂಡ ಕೊಂಡು ತರುವುದನ್ನು ನಾನು ಬೆಳೆಸುವುದು ಎನ್ನಲಾರೆ. ಹಾಗೆ ತಂದ ಗಿಡ ಎರಡು ವಾರ ಕತ್ತಲ ಮೂಲೆಯಲ್ಲಿ, ಸೀರಿಯಲ್ ಸೆಟ್ ಸುತ್ತಿಕೊಂಡು, ಫ್ಯಾನಿನ ಗಾಳಿಗೆ ನಿಂತಿರುತ್ತದೆ. ಜನವರಿಯಲ್ಲಿ ಅಲಂಕಾರ ಬಿಚ್ಚಿದ ಮೇಲೆ ಅದಕ್ಕೆ ನೀರು ಹಾಕುವುದು ಯಾರ ಕೆಲಸವೆಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮಾರ್ಚ್ ಹೊತ್ತಿಗೆ ಕಂದು ಬಣ್ಣದ ಕಡ್ಡಿ. ಇದಕ್ಕಿಂತ ಹತ್ತು ವರ್ಷ ಬಳಸುವ ಪ್ಲಾಸ್ಟಿಕ್ ಮರವೇ ವಾಸಿ ಎಂದರೆ ನಾನು ಜಗಳವಾಡುವುದಿಲ್ಲ.

ಅರೌಕೇರಿಯಾ ಬೆಳೆಸುವುದು ಕಷ್ಟವಲ್ಲ, ನಿಧಾನ. ಕುಂಡದಲ್ಲಿ ವರ್ಷಕ್ಕೆ ಅರ್ಧ ಅಡಿ ಏರಿದರೆ ದೊಡ್ಡದು. ನಮ್ಮ ಜಗಲಿಯ ಗಿಡಕ್ಕೆ ನಾಲ್ಕು ವರ್ಷ, ಇನ್ನೂ ನನ್ನ ಸೊಂಟ ಮುಟ್ಟಿಲ್ಲ. ‘ಇದಕ್ಕೆ ನಕ್ಷತ್ರ ಕಟ್ಟುವುದು ಯಾವಾಗ ಮಾರಾಯ?’ ಎಂದು ಬಂದವರು ಕೇಳುತ್ತಾರೆ. ಅದರ ತುದಿ ಮುರಿಯಬಾರದು, ಮುರಿದರೆ ಆ ಗೋಪುರದ ಆಕಾರ ಕೆಡುತ್ತದೆ. ಪಕ್ಕದ ಕೊಂಬೆ ಕತ್ತರಿಸಿ ನೆಟ್ಟರೆ ಬೇರು ಬಂದರೂ ಅದು ಮೇಲಕ್ಕೇಳದೆ ಅಡ್ಡಕ್ಕೇ ಬೆಳೆಯುತ್ತದೆ. ಕೆಳಗಿನ ಕೊಂಬೆ ಒಣಗಿದರೆ ಆ ಜಾಗದಲ್ಲಿ ಮತ್ತೆ ಚಿಗುರುವುದಿಲ್ಲ. ಅಂದರೆ ಒಂದು ಬೇಸಿಗೆ ನೀರು ತಪ್ಪಿಸಿದ ಗುರುತು ಗಿಡದ ಮೈಮೇಲೆ ಉಳಿದುಬಿಡುತ್ತದೆ. ಬೇಕಾದ್ದು ಧಾರಾಳ ಬೆಳಕು, ನೀರು ನಿಲ್ಲದ ಮಣ್ಣು. ಒಂದೇ ಕಡೆಯಿಂದ ಬೆಳಕು ಬಿದ್ದರೆ ವಾಲುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಕುಂಡವನ್ನು ತುಸು ತಿರುಗಿಸಬೇಕು. ಮೇಲ್ಮಣ್ಣು ಒಣಗಿದಾಗಷ್ಟೇ ನೀರು. ನಮ್ಮ ಜೂನ್, ಜುಲೈ ಮಳೆಗೆ ಬೇರು ಕೊಳೆಯದಂತೆ ಕುಂಡವನ್ನು ಮಾಡಿನ ಕೆಳಗೆ ಎಳೆದಿಡಬೇಕು.

ಇಷ್ಟು ಕಾಯಲಾಗದವರಿಗೆ ಗಾಳಿಮರದ ಸಸಿಯೇ ಇದೆ. ಬೇಗ ಬೆಳೆಯುತ್ತದೆ, ಕತ್ತರಿಗೆ ಬಗ್ಗುತ್ತದೆ, ಬೇಕಾದ ಆಕಾರಕ್ಕೆ ಸವರಿಕೊಳ್ಳಬಹುದು. ಬೇರಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಬಡ ಮಣ್ಣೂ ಸಾಕು. ವಿದೇಶಿ ಮರದಷ್ಟು ಅಂದವಿಲ್ಲ ಎನ್ನುವವರಿಗೆ ಒಂದು ಮಾತು: ಇದೂ ವಿದೇಶಿಯೇ, ಬ್ರಿಟಿಷರ ಕಾಲದಲ್ಲಿ ನಮ್ಮ ತೀರಕ್ಕೆ ಬಂದು ನೆಲೆಯಾದದ್ದು.

ದೊಡ್ಡದಾದ ಮೇಲೆ ಏನು ಮಾಡುವುದು? ಇದು ನ್ಯಾಯವಾದ ಪ್ರಶ್ನೆ. ಅರೌಕೇರಿಯಾವನ್ನು ಪುಟ್ಟ ಸೈಟಿನ ಗೋಡೆ ಪಕ್ಕ ನೆಲಕ್ಕಿಳಿಸುವುದು ಅವಿವೇಕ, ಅದು ಮನೆಗಿಂತ ಎತ್ತರ ಹೋಗುವ ಮರ. ಎರಡು ಮೂರು ವರ್ಷಕ್ಕೊಮ್ಮೆ ಕುಂಡ ಬದಲಿಸುತ್ತಾ ಹೋದರೆ ಬಹುಕಾಲ ಮನೆಯೊಳಗೇ ಇಟ್ಟುಕೊಳ್ಳಬಹುದು. ಎತ್ತಲಾಗದಷ್ಟಾದಾಗ ಚರ್ಚಿನ ಅಥವಾ ಶಾಲೆಯ ಬಯಲಿಗೆ ಕೊಡಬಹುದು, ಮೊದಲೇ ಕೇಳಿಕೊಂಡು.

ಗಿಡ ತರಲು ಮಳೆ ಕಡಿಮೆಯಾಗುವ ಸೆಪ್ಟೆಂಬರ್ ಒಳ್ಳೆಯ ಸಮಯ. ಡಿಸೆಂಬರ್‌ಗೆ ಅದು ಮನೆಯ ಬೆಳಕಿಗೆ ಹೊಂದಿಕೊಂಡಿರುತ್ತದೆ. ಮೊದಲ ವರ್ಷ ನಾಲ್ಕು ಹಗುರ ಕಾಗದದ ಗೊಂಬೆ ತೂಗಿಸಿದರೆ ಸಾಕು. ನಕ್ಷತ್ರವನ್ನು ಎಂದಿನಂತೆ ಮಾಡಿನ ಅಂಚಿಗೇ ಕಟ್ಟೋಣ.