ಒಳಗೊಂದು ಮಾತು, ಹೊರಗೊಂದು ಮಾತು

1962ರ ಸೆಪ್ಟೆಂಬರ್ 27ರಂದು ಅಮೆರಿಕದ ಮಿಸಿಸಿಪಿ ರಾಜ್ಯದ ಗವರ್ನರ್ ರಾಸ್ ಬಾರ್ನೆಟ್ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಮುಂದೆ ಫೋನಿನಲ್ಲಿ ವಿಚಿತ್ರ ಬೇಡಿಕೆಯಿಟ್ಟರು. ಜೇಮ್ಸ್ ಮೆರೆಡಿತ್ ಎಂಬ ಕಪ್ಪು ಜನಾಂಗದ ಯುವಕನನ್ನು ಬಿಳಿಯರಿಗಷ್ಟೇ ತೆರೆದಿದ್ದ ರಾಜ್ಯ ವಿಶ್ವವಿದ್ಯಾಲಯಕ್ಕೆ ಸೇರಿಸಲು ಬರುವ ಕೇಂದ್ರದ ಮಾರ್ಷಲ್‌ಗಳು ತಮ್ಮೆದುರು ಪಿಸ್ತೂಲು ಹಿರಿಯಬೇಕು. ಒಬ್ಬರು ಹಿರಿದರೆ ಸಾಲದು, ಎಲ್ಲರೂ ಹಿರಿಯಬೇಕು! ಬಂದೂಕಿಗೆ ಮಣಿದರೆಂದು ಕಂಡರೆ ಮತದಾರರ ಮುಂದೆ ಮಾನ ಉಳಿಯುತ್ತದೆ. ಕಾನೂನಿನ ಹೋರಾಟದಲ್ಲಿ ಸೋತಾಗಿದೆ ಎಂಬುದು ಗವರ್ನರಿಗೆ ಚೆನ್ನಾಗಿ ಗೊತ್ತಿತ್ತು.

ಜನ ಜಮಾಯಿಸಿದ್ದರಿಂದ ಆ ನಾಟಕ ನಡೆಯಲಿಲ್ಲ. 29ರಂದು ಅಧ್ಯಕ್ಷ ಜಾನ್ ಕೆನಡಿಯವರ ಜೊತೆಗೂ ಮಾತುಕತೆ ನಡೆಯಿತು. ಅದೇ ರಾತ್ರಿ ಜಾಕ್ಸನ್ ನಗರದ ಫುಟ್‌ಬಾಲ್ ಮೈದಾನದಲ್ಲಿ, ಪಂದ್ಯದ ಬಿಡುವಿನಲ್ಲಿ, ಬಾರ್ನೆಟ್ ಮೈಕಿನ ಮುಂದೆ ನಿಂತು ತಮ್ಮ ರಾಜ್ಯ, ಅದರ ಜನ, ಅದರ ಆಚಾರಗಳ ಮೇಲಿನ ಪ್ರೀತಿಯನ್ನು ಸಾರಿದರು. ಕ್ರೀಡಾಂಗಣ ಭೋರ್ಗರೆಯಿತು. ಮರುರಾತ್ರಿ ಮಿಸಿಸಿಪಿಯ ಆಕ್ಸ್‌ಫರ್ಡ್ ಊರಿನಲ್ಲಿರುವ ಆ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ದೊಂಬಿ ಎದ್ದು, ಫ್ರೆಂಚ್ ಪತ್ರಕರ್ತರೊಬ್ಬರೂ ಸೇರಿ ಇಬ್ಬರು ಗುಂಡಿಗೆ ಬಲಿಯಾದರು. ಒಂಬತ್ತು ವರ್ಷ ವಾಯುಪಡೆಯಲ್ಲಿ ದೇಶಕ್ಕಾಗಿ ದುಡಿದಿದ್ದ ಮೆರೆಡಿತ್, ಅಕ್ಟೋಬರ್ 1ರಂದು ತಮ್ಮದೇ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಹೆಸರು ಬರೆಸಲು ಪಹರೆಯ ನಡುವೆ ಹೋಗಬೇಕಾಯಿತು.

ಇದನ್ನೆಲ್ಲ ಕಂಡಿದ್ದ ದಕ್ಷಿಣ ಕೆರೊಲಿನಾದಲ್ಲಿ ಬೇರೆಯದೇ ನಡೆಯಿತು. ಅಲ್ಲಿನ ಗವರ್ನರ್ ಅರ್ನೆಸ್ಟ್ ಹಾಲಿಂಗ್ಸ್ ಕೂಡ ವರ್ಣಭೇದದ ಪರ ನಿಂತೇ ಗೆದ್ದವರು. ಆದರೆ 1963ರ ಜನವರಿಯಲ್ಲಿ ಅಧಿಕಾರ ಬಿಡುವ ಮುನ್ನ ಶಾಸನಸಭೆಯಲ್ಲಿ, ಕೋರ್ಟಿನ ದಾರಿಗಳೆಲ್ಲ ಮುಗಿಯುತ್ತ ಬಂದಿವೆ, ಇನ್ನು ಕಾನೂನನ್ನು ಘನತೆಯಿಂದ ಪಾಲಿಸೋಣ ಎಂದು ಬಹಿರಂಗವಾಗಿಯೇ ಹೇಳಿದರು. ಆ ತಿಂಗಳ 28ರಂದು ಹಾರ್ವೆ ಗ್ಯಾಂಟ್ ಎಂಬ ಕಪ್ಪು ಜನಾಂಗದ ಯುವಕ ಆ ರಾಜ್ಯದ ಕ್ಲೆಮ್ಸನ್ ಕಾಲೇಜು ಸೇರಿದರು; ಗಲಭೆಯಾಗಲಿಲ್ಲ. ವಾಸ್ತುಶಿಲ್ಪ ಓದಿದ ಗ್ಯಾಂಟ್ ಮುಂದೆ ಷಾರ್ಲಟ್ ನಗರದ ಮೇಯರ್ ಆದರು.

ಬಾಗಿಲು ತೆರೆಸಿದ ಕೀರ್ತಿ ಕೋರ್ಟಿನ ಮೆಟ್ಟಿಲೇರಿದ ಈ ಯುವಕರಿಗೇ ಸಲ್ಲಬೇಕು. ಹಾಲಿಂಗ್ಸ್ ಅವರನ್ನು ವೀರರೆಂದು ಕರೆಯಬೇಕಾಗಿಲ್ಲ. ಆದರೂ ಅವರು ಮಾಡಿದ್ದು ಸಣ್ಣ ಕೆಲಸವಲ್ಲ: ತಮಗೆ ಗೊತ್ತಿದ್ದ ಸತ್ಯವನ್ನು ತಮ್ಮ ಜನಕ್ಕೆ ಹೊತ್ತಿಗೆ ಸರಿಯಾಗಿ ತಿಳಿಸಿದರು. ಮತ ಹೋದೀತೆಂದು ನಾಯಕ ನುಂಗಿಕೊಂಡ ಸತ್ಯಕ್ಕೆ ಬೀದಿಯಲ್ಲಿರುವವರು ಪ್ರಾಣದ ಬೆಲೆ ತೆರುತ್ತಾರೆ. ಆದ್ದರಿಂದ ನಾಯಕರಿಂದ ನಾವು ಮೊದಲು ಕೇಳಬೇಕಾದದ್ದು ಇದು: ಮುಚ್ಚಿದ ಬಾಗಿಲ ಹಿಂದೆ ಒಪ್ಪಿಕೊಂಡದ್ದನ್ನು ನಮ್ಮೆದುರಿಗೂ ಹೇಳಲಿ. ಆ ಮಾತು ನಮಗೆ ಕಹಿಯೆನಿಸಿದರೂ ಕುಳಿತು ಕೇಳುವ ಹೊಣೆ ನಮ್ಮದು.