ಮೂರು ದಿನದ ಮುಂಬಯಿ

ಮಕ್ಕಳ ರಜೆಯಲ್ಲಿ ಮೂರು ದಿನಗಳ ಮಟ್ಟಿಗೆ ಮುಂಬಯಿಯನ್ನು ನೋಡಿಬರಬೇಕೆಂದು, ಹೊನ್ನಾವರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಯಾದಿಯೊಂದನ್ನು ಸಿದ್ಧಪಡಿಸಿದೆ. ಗೇಟ್‌ವೇ, ಘಾರಾಪುರಿಯ ಗುಹೆಗಳು, ರಾಣಿಬಾಗು, ಮಹಾಲಕ್ಷ್ಮಿ, ಚೌಪಾಟಿ—ಹೀಗೆ ಹದಿನಾಲ್ಕು ಸ್ಥಳಗಳಾದವು. ಸೋಮವಾರ ಘಾರಾಪುರಿಯ ಗುಹೆಗಳು ಮುಚ್ಚಿರುವುದನ್ನೂ ಮರೆಯದೆ ಗುರುತಿಸಿಕೊಂಡೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಎಲ್ಲವನ್ನೂ ಆಲಿಸಿದ ತಾಯಿ ಕೇಳಿದಳು: “ಭಾವುಚಾ ಧಕ್ಕೆ ಅದರಲ್ಲಿಲ್ಲವೇನೋ ತಮಾ?”

ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಭಟ್ಕಳ, ಹೊನ್ನಾವರ, ಕುಮಟೆಗಳಿಂದ ಹೊಟ್ಟೆಪಾಡಿಗೆ ಹೊರಟವರಿಗೆ ಆ ನಗರವೇ ಗತಿ. ನನ್ನ ಅಜ್ಜ ಹಡಗಿನಿಂದಿಳಿದದ್ದು ಆ ಧಕ್ಕೆಯಲ್ಲಿ. ಅವನು ಕಳುಹಿಸಿದ ಹಣದಲ್ಲಿ ಶಾಲೆ ಕಲಿತ ತಾಯಿ ಆ ಊರನ್ನು ಇನ್ನೂ ಕಂಡಿಲ್ಲ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ದಾರಿಯೇನೋ ಒಂದು ರಾತ್ರಿಯದಾಯಿತು. ಕರೆದೊಯ್ಯುವ ಬುದ್ಧಿ ಮಾತ್ರ ನನಗೆ ಈಗ ಬಂದಿದೆ.

ಸಂಸಾರದ ಪ್ರವಾಸವನ್ನು ಒಬ್ಬನೇ ಗೊತ್ತುಮಾಡಬಾರದೆಂಬುದು ನನ್ನ ಅಭಿಪ್ರಾಯ. ದಿನಕ್ಕೆ ಎರಡು ಸ್ಥಳಗಳು ಸಾಕು. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಆಯ್ಕೆಯಿರಲಿ. ಹೆಚ್ಚು ಕಂಡೆವೆಂದು ಹೇಳಿಕೊಳ್ಳಲು ಹೋದವರು ಕಾಣುವುದು ಗಡಿಯಾರವನ್ನು ಮಾತ್ರ. ಕೇಳಿ ನೋಡಿದೆ: ಮಗಳಿಗೆ ಎರಡಂತಸ್ತಿನ ಬಸ್ಸು ಬೇಕು, ಹೆಂಡತಿಗೆ ಅಡಿಗೆಯ ಚಿಂತೆಯಿಲ್ಲದ ಒಂದು ಸಂಜೆ ಬೇಕು. ಇವೆರಡೂ ನನ್ನ ಯಾದಿಯಲ್ಲಿರಲಿಲ್ಲ.

“ಧಕ್ಕೆಯಲ್ಲಿ ನೋಡುವುದೇನಿದೆ? ಮೀನಿನ ಬುಟ್ಟಿ, ದೋಣಿ, ನಮ್ಮ ಬಂದರದಲ್ಲಿಲ್ಲದ್ದು ಏನೂ ಇಲ್ಲ,” ಎಂದೆ.

“ಅಪ್ಪ ಇಳಿದ ಜಾಗ ಅದೆ,” ಎಂದಳು ತಾಯಿ.

ಹೊಸ ಯಾದಿಯಲ್ಲಿ ಈಗ ಆರು ಹೆಸರುಗಳಿವೆ. ಮೊದಲನೆಯದು ಧಕ್ಕೆ.