ತಪ್ಪು ಬೀಜದ್ದಲ್ಲ, ಸಾಲಿನದು

ಹೋದ ವರ್ಷ ಸೆಮಿಸ್ಟರ್ ರಜೆಯಲ್ಲಿ ಮನೆಯ ಕಾಂಪೌಂಡ್ ಪಕ್ಕ ಸ್ವೀಟ್ ಕಾರ್ನ್ ಬಿತ್ತಿದ್ದೆ. 12 ಗಿಡ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಒಂದೇ ಸಾಲು. ನಾನು ಕಾಲೇಜಿಗೆ ವಾಪಸ್ ಬಂದ ಮೇಲೆ ನೀರು ಹಾಕಿದ್ದೆಲ್ಲ ಅಮ್ಮ. ಗಿಡಗಳೇನೋ ಆಳೆತ್ತರ ಬೆಳೆದವು, ಬೀದಿಯಲ್ಲಿ ಹೋಗೋರು ನಿಂತು ನೋಡ್ತಿದ್ರು. ಆದರೆ ತೆನೆ ಮುರಿದು ಸಿಪ್ಪೆ ಬಿಚ್ಚಿದರೆ, ಹಲ್ಲು ಬಿದ್ದ ಮಗುವಿನ ಬಾಯಿಯ ಹಾಗೆ ಅಲ್ಲೊಂದು ಇಲ್ಲೊಂದು ಕಾಳು. ಎರಡು ತೆನೆಯಲ್ಲಂತೂ ಬರೀ ದಿಂಡು.

ಅಮ್ಮ ಎರಡೂವರೆ ತಿಂಗಳು ನೀರು ಹೊತ್ತದ್ದು ದಂಡವಾಯ್ತಲ್ಲ ಅಂತ ಸಿಟ್ಟು ಬಂತು. "ಅಂಗಡಿಯವನು ಡೂಪ್ಲಿಕೇಟ್ ಬೀಜ ಕೊಟ್ಟಿದ್ದಾನೆ" ಅಂತ ಮನೆಯವರಿಗೆಲ್ಲ ಹೇಳಿದೆ. ಹಾವೇರಿ ಕಡೆ ಗೋವಿನಜೋಳ ಬೆಳೆದು ಪಳಗಿದ ನಮ್ಮ ಅಜ್ಜ ತೆನೆ ತಿರುಗಿಸಿ ನೋಡಿ ಹೇಳಿದ್ದು ಇಷ್ಟೇ: "ಬೀಜ ಚಲೋನ ಐತಿ. ಹಿಂಗ ಒಂದ ಸಾಲಿನ್ಯಾಗ ಹಚ್ಚಿದ್ರ ಕಾಳು ಹೆಂಗ ಹಿಡೀತಾವ ತಮ್ಮಾ?"

ಡಿಸೈನ್ ತಪ್ಪು ಮಾಡಿ ಮೆಟೀರಿಯಲ್ ಮೇಲೆ ದೂರು ಹಾಕೋದು ನಮ್ಮ ಹಳೇ ಚಾಳಿ. "ಮನೇಲಿ ಸ್ವೀಟ್ ಕಾರ್ನ್ ಬರಲ್ಲ, ಅದೇನಿದ್ರೂ ಹೊಲದ ಬೆಳೆ" ಅನ್ನೋರದ್ದೂ ಬಹುತೇಕ ಇದೇ ಕಥೆ. ನನ್ನ ಅಭಿಪ್ರಾಯ ಇಷ್ಟು: ಮನೆಯಲ್ಲಿ ಖಂಡಿತ ಬರುತ್ತೆ, ಆದರೆ ಸಾಲಾಗಿ ಅಲ್ಲ, ಚೌಕವಾಗಿ ಬೆಳೆಯಬೇಕು. ಚೌಕಕ್ಕೆ ಜಾಗ ಇಲ್ಲ ಅಂದ್ರೆ ಬೆಂಡೆ ಹಾಕೋದೇ ವಾಸಿ.

ಯಾಕೆ ಅಂದ್ರೆ, ಈ ಗಿಡದ ಗಂಡು ಹೂವು ಇರೋದು ತಲೆಯ ಮೇಲೆ, ಸೂಲಂಗಿಯಲ್ಲಿ. ಹೆಣ್ಣು ಹೂವು ಇರೋದು ನಡುವಿನ ತೆನೆಯಲ್ಲಿ. ತೆನೆಯ ತುದಿಯಿಂದ ಇಳಿಬೀಳುವ ರೇಷ್ಮೆಯಂಥ ಎಳೆ ಇದೆಯಲ್ಲ, ಅದರಲ್ಲಿ ಒಂದೊಂದು ಎಳೆ ಒಂದೊಂದು ಕಾಳಿಗೆ ಕನೆಕ್ಷನ್. ಯಾವ ಎಳೆಗೆ ಪರಾಗ ತಲುಪಲಿಲ್ಲವೋ ಆ ಕಾಳು ಹುಟ್ಟೋದೇ ಇಲ್ಲ. ಪರಾಗ ಸಾಗಿಸೋದು ಮುಖ್ಯವಾಗಿ ಗಾಳಿ. ಒಂದೇ ಸಾಲಾದರೆ ಗಾಳಿ ಅಡ್ಡ ಬೀಸಿದಾಗ ಪರಾಗವೆಲ್ಲ ಪಕ್ಕದ ಮನೆ ಪಾಲು. ಚೌಕದಲ್ಲಾದರೆ ಗಾಳಿ ಎತ್ತಲಿಂದ ಬಂದ್ರೂ ಯಾವುದೋ ಒಂದು ಗಿಡದ ಮೇಲೆ ಬೀಳುತ್ತೆ.

ಲೆಕ್ಕ ಸುಲಭ. ಸಾಲಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ 1 ಅಡಿ. 4 ಸಾಲು, ಸಾಲಿಗೆ 4 ಗಿಡ. 8 ಅಡಿ ಉದ್ದ, 4 ಅಡಿ ಅಗಲದ ಜಾಗದಲ್ಲಿ 16 ಗಿಡ ಹಿಡಿಸುತ್ತೆ. ಎಲ್ಲವನ್ನೂ ಒಂದೇ ದಿನ ಬಿತ್ತಬೇಕು, ಆಗಲೇ ಸೂಲಂಗಿಯೂ ಎಳೆಯೂ ಜೊತೆಗೆ ಬರೋದು. ಅನುಮಾನ ಇದ್ರೆ ಬೆಳಿಗ್ಗೆ ಸೂಲಂಗಿ ಅಲುಗಿಸಿ ಪರಾಗವನ್ನ ಪೇಪರ್ ಮೇಲೆ ಉದುರಿಸಿಕೊಂಡು ಎಳೆಗಳ ಮೇಲೆ ಸುರಿದರೆ ಆಯ್ತು. ಗಿಡಕ್ಕೆ ಹಸಿವು ಜಾಸ್ತಿ, ಕೊಟ್ಟಿಗೆ ಗೊಬ್ಬರದಲ್ಲಿ ಜಿಪುಣತನ ಬೇಡ.

ಇನ್ನೆರಡು ಎಚ್ಚರಿಕೆ. ಪಕ್ಕದಲ್ಲೇ ಮಾಮೂಲಿ ಮುಸುಕಿನ ಜೋಳ ಅದೇ ಸಮಯಕ್ಕೆ ಹೂ ಬಿಟ್ಟಿದ್ರೆ, ಅದರ ಪರಾಗ ತಾಗಿದ ಕಾಳುಗಳಲ್ಲಿ ಸಿಹಿ ಹೋಗಿ ಹಿಟ್ಟಾಗುತ್ತೆ. ಸಿಹಿಯ ಗುಣ ರಿಸೆಸಿವ್, ಪಿಯುಸಿ ಬಯಾಲಜಿ ನೆನಪಿಸಿಕೊಳ್ಳಿ. ಎರಡನೆಯದು ಫಾಲ್ ಸೈನಿಕ ಹುಳು. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗದಲ್ಲೇ, 2018ರಲ್ಲಿ. ಎಲೆಯಲ್ಲಿ ತೂತು, ಸುಳಿಯಲ್ಲಿ ಮರದ ಪುಡಿಯಂಥ ಹಿಕ್ಕೆ ಕಂಡ್ರೆ ಅದೇ. 16 ಗಿಡಕ್ಕೆ ಔಷಧಿ ಯಾಕೆ? ದಿನಾ ಬೆಳಿಗ್ಗೆ ಸುಳಿ ನೋಡಿ ಕೈಯಲ್ಲೇ ಆರಿಸಿ ಹಾಕಬಹುದು.

"ಇಷ್ಟೆಲ್ಲ ಯಾಕಪ್ಪಾ, ಬಸ್ ಸ್ಟ್ಯಾಂಡಲ್ಲಿ ಕಪ್ ಲೆಕ್ಕದಲ್ಲಿ ಸಿಗುತ್ತಲ್ಲ" ಅಂತ ಕೇಳ್ತೀರಿ. ಒಪ್ಕೋತೀನಿ, ದುಡ್ಡಿನ ಲೆಕ್ಕದಲ್ಲಿ ಇದು ಲಾಸ್. ಗಿಡಕ್ಕೆ ಒಂದು ಒಳ್ಳೆ ತೆನೆ ಬಂದ್ರೆ ಹೆಚ್ಚು. ಆದರೆ ತೆನೆ ಮುರಿದ ಗಳಿಗೆಯಿಂದ ಕಾಳಿನ ಸಕ್ಕರೆ ಕಡಿಮೆಯಾಗ್ತಾ ಹೋಗುತ್ತೆ, ಸೆಕೆ ಇದ್ದಷ್ಟೂ ಬೇಗ. ತಳಿಯಿಂದ ತಳಿಗೆ ಆ ವೇಗ ಬೇರೆ, ಅಷ್ಟೇ. ಅಂಗಡಿಯ ಕಾರ್ನ್‌ಗೆ ಬೆಣ್ಣೆ, ಮಸಾಲೆ, ನಿಂಬೆಹಣ್ಣು ಎಲ್ಲ ಬೇಕು. ಮನೆಯದಕ್ಕೆ ಉಪ್ಪೂ ಬೇಡ.

ಈ ವರ್ಷ ಅದೇ ಅಂಗಡಿಗೆ ಹೋಗಿ, ಸ್ವಲ್ಪ ತಲೆ ತಗ್ಗಿಸಿಕೊಂಡೇ, ಅದೇ ಬೀಜ ತಂದೆ. ಅದೇ ಮಣ್ಣು, ಚೌಕ ಮಾತ್ರ ಹೊಸದು. ಎಳೆ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಒಂದು ಕಾಳಿಗೆ ಉಗುರು ಚುಚ್ಚಿದರೆ ಹಾಲು ಚಿಮ್ಮಿತು. ಅಮ್ಮ ಒಲೆ ಮೇಲೆ ನೀರಿಟ್ಟು, ಆಮೇಲೆ ಹಿತ್ತಿಲಿಗೆ ಹೋಗಿ ತೆನೆ ಮುರಿದರು. ತುದಿಯ ಅರ್ಧ ಇಂಚು ಬಿಟ್ಟರೆ ಪೂರ್ತಿ ಕಾಳು. ಅಜ್ಜನಿಗೆ ಫೋಟೋ ಕಳಿಸಿದೆ. "ಈಗ ಇಂಜಿನಿಯರ್ ಆದಿ ನೋಡು" ಅಂದ್ರು.

ಮುಂದಿನ ಸಲ ಬೀಜ ಎತ್ತಿಡೋಕೆ ಆಗಲ್ಲ, ಹೈಬ್ರಿಡ್ ಆದ್ದರಿಂದ ಮತ್ತೆ ಕೊಳ್ಳಲೇಬೇಕು ಅನ್ನೋದೊಂದು ಕೊರತೆ ಇದೆ. ಅಜ್ಜನಿಗೂ ಅದೇ ಬೇಸರ.

ನಮ್ಮ ಹಾಸ್ಟೆಲ್ ಹಿಂದೆ ಬಿಸಿಲು ಬೀಳೋ ಜಾಗ ಸುಮ್ಮನೆ ಬಿದ್ದಿದೆ. ಕೈಜೋಡಿಸೋ ಆಸೆ ಇದ್ದವರು ಕ್ಲಬ್ ರೂಮಿಗೆ ಬನ್ನಿ. ಬೀಜ ನನ್ನದು, ನೀರಿಗೆ ಪಾಳಿ ಹಾಕೋಣ. ಒಂದೇ ಸಾಲು ಮಾತ್ರ ಬೇಡ.